ಹನುಮಕ್ಕನ ಕೈ ಹಿಡಿದವಳು ನಾನಲ್ಲ

ಸುಜಾತಾ, ನಿನ್ನ ಅವ್ವ ಹನುಮಕ್ಕ ಪ್ರಾಣ ಬಿಟ್ಟಾಗ ಅವರ ಕೈ ನನ್ನ ಕೈಯೊಳಗೆ ಇರಲಿಲ್ಲ. ಅವರ ಎರಡೂ ಕೈಗಳನ್ನು ಬ್ಯಾಂಡೇಜು ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟಲಾಗಿತ್ತು. ಕಟ್ಟಿದವಳು ನಾನೇ.

ಇದನ್ನು ಮೊದಲೇ ಬರೆದುಬಿಟ್ಟೆ. ಬೇರೆ ಏನನ್ನಾದರೂ ಹೇಳಿಕೊಂಡು ಆಮೇಲೆ ಇದಕ್ಕೆ ಬರೋಣವೆಂದು ಈಗಾಗಲೇ ಮೂರು ಸಲ ಕೂತಿದ್ದೆ. ಮೂರು ಸಲವೂ ಅರ್ಧಕ್ಕೆ ನಿಲ್ಲಿಸಿ ಹರಿದು ಹಾಕಿದೆ. ಆ ಕಾಲ ಹೇಗಿತ್ತು, ನಾವೆಷ್ಟು ಜನ ಇದ್ದೆವು, ಎಷ್ಟು ದಣಿದಿದ್ದೆವು — ಹೀಗೆ ಶುರು ಮಾಡಿದರೆ ಪತ್ರ ತಾನಾಗಿಯೇ ನನ್ನ ಪರವಾಗಿ ಮಾತಾಡತೊಡಗುತ್ತದೆ. ನಾಲ್ಕು ವರ್ಷ ನಾನು ಮಾಡಿದ್ದೂ ಅದನ್ನೇ. ನನ್ನ ಪರವಾಗಿ ನಾನೇ ಮಾತಾಡಿಕೊಂಡಿದ್ದು.

ಆ ದಿನ ಗೇಟಿನ ಹೊರಗೆ ನೀನು ಕೇಳಿದ್ದು ಒಂದೇ ಮಾತು. "ಅಕ್ಕ, ನಮ್ಮವ್ವ ಒಬ್ಳೇ ಹೋದ್ಲಾ?"

ನಾನು ಹೇಳಿದೆ — "ಇಲ್ಲ ಕಣೆ. ನಾನು ಕೈ ಹಿಡ್ಕೊಂಡಿದ್ದೆ."

ನೀನು ಅಳು ನಿಲ್ಲಿಸಿ ನನ್ನ ಮುಖ ನೋಡಿದೆ. ಮುಖವೆಲ್ಲಿತ್ತು, ಮಾಸ್ಕಿನ ಮೇಲೆ ಕಾಣುವ ಎರಡು ಕಣ್ಣು. "ಎಲ್ಡ್ ಸಲ ಒತ್ತಿದ್ರಾ?" ಎಂದು ಕೇಳಿದೆ. ಒತ್ತಿದೆ ಎಂದೆ ನಾನು. "ಅವ್ವ ಏನ್ ಮಾಡಿದ್ಲು?" ಎಂದು ಕೇಳಿದೆ. ತಿರುಗಿ ಒತ್ತಿದರು ಎಂದೆ ನಾನು. ನೀನು ರಸ್ತೆಯ ಮಣ್ಣಿನ ಮೇಲೆಯೇ ಕೂತು ನನಗೆ ಕೈ ಮುಗಿದೆ. ಮುಟ್ಟಲು ಬಿಡುವುದಿಲ್ಲವೆಂದು ಗೊತ್ತಿದ್ದುದರಿಂದ ದೂರದಿಂದಲೇ ಮುಗಿದೆ.

ಆ ನಮಸ್ಕಾರವನ್ನು ನಾನು ತೆಗೆದುಕೊಂಡೆ, ಸುಜಾತಾ.

ಈಗ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಎರಡನೇ ಅಲೆಯ ಬೇಸಿಗೆ ಅದು. ಮಧುಗಿರಿಯಲ್ಲಿ ಹಾಸ್ಟೆಲೊಂದನ್ನು ಖಾಲಿ ಮಾಡಿಸಿ ಕೋವಿಡ್ ರೋಗಿಗಳನ್ನು ಇಟ್ಟಿದ್ದರು. ನಾನು ಗುತ್ತಿಗೆ ಮೇಲೆ ಸೇರಿದ ನರ್ಸು. ಕೊಡಿಗೇನಹಳ್ಳಿಯಿಂದ ಬರುತ್ತಿದ್ದವಳು, ಬಸ್ಸು ನಿಂತ ಮೇಲೆ ಅಲ್ಲೇ ಎದುರಿನ ಕೋಣೆಯಲ್ಲಿ ಉಳಿದುಕೊಂಡೆ. ನನ್ನ ಮಗಳಿಗೆ ಹನ್ನೊಂದು ತಿಂಗಳು, ನನ್ನ ಅತ್ತೆಯ ಹತ್ತಿರ ಇದ್ದಳು. ಹುಡುಗರ ಮಂಚಗಳಲ್ಲೇ ರೋಗಿಗಳು. ಗೋಡೆಯ ಮೇಲೆ ಇನ್ನೂ ಆ ಹುಡುಗರ ವೇಳಾಪಟ್ಟಿಗಳು ಅಂಟಿಕೊಂಡಿದ್ದವು. ಕಿಟಕಿಯಿಂದ ಬೆಟ್ಟ ಕಾಣುತ್ತಿತ್ತು, ಅದರ ಕಾವು ಒಳಗೆ ಬಡಿಯುತ್ತಿತ್ತು.

ನಿನ್ನ ಅವ್ವನನ್ನು ದೊಡ್ಡೇರಿ ಕಡೆಯಿಂದ ಆಂಬುಲೆನ್ಸಿನಲ್ಲಿ ಕರೆತಂದದ್ದು ಮಧ್ಯಾಹ್ನ. ಸಣ್ಣ ಮೈ. ಹುಣಸೆಹಣ್ಣು ಕುಟ್ಟಿ ಕುಟ್ಟಿ ಕಪ್ಪುಗಟ್ಟಿದ ಬೆರಳುಗಳು. ಮಂಚದ ಮೇಲೆ ಮಲಗಿಸಿದ ಕೂಡಲೇ ಅವರು ಎರಡೂ ಕೈಯನ್ನು ಮುಂದಕ್ಕೆ ಚಾಚಿ ಗಾಳಿಯಲ್ಲಿ ತಡಕಿದರು. "ಸುಜ್ಜೀ... ಎಲ್ಲವ್ಳೆ ಸುಜ್ಜಿ?" ಎಂದರು. ನಾನು ಏನೋ ಉತ್ತರ ಕೊಟ್ಟೆ. ಅವರು ಮತ್ತೆ ಅದನ್ನೇ ಕೇಳಿದರು. ನಾನು ಜೋರಾಗಿ ಹೇಳಿದೆ. ಅವರು ಮತ್ತೆ ಅದನ್ನೇ ಕೇಳಿದರು.

ಅಷ್ಟು ಹೊತ್ತಿಗೆ ವಾರ್ಡಿನ ಫೋನಿಗೆ ನೀನು ಕರೆ ಮಾಡಿದೆ. ಗೇಟಿನ ಎದುರಿನ ಹುಣಸೆಮರದ ಕೆಳಗಿಂದ. ನಿನಗೆ ನೆಗೆಟಿವ್ ಬಂದಿತ್ತು, ಆದ್ದರಿಂದ ಒಳಗೆ ಬಿಟ್ಟಿರಲಿಲ್ಲ. ಪಾಸಿಟಿವ್ ಆದರೂ ಬಂದಿದ್ದರೆ ಅವ್ವನ ಜೊತೆ ಇರಬಹುದಿತ್ತು ಎಂದು ನೀನು ಅತ್ತದ್ದು ನನಗೆ ನೆನಪಿದೆ.

"ಅಕ್ಕ, ನಮ್ಮವ್ವಂಗೆ ಸಕ್ಕರೆ ಕಾಯ್ಲೇಲಿ ಕಣ್ಣು ಹೋಗೈತೆ. ಕಿವಿನೂ ಕೇಳಕಿಲ್ಲ. ಅವ್ಳು ಮಾತಾಡ್ತಾಳೆ, ನಾವಾಡಿದ್ದು ಅವ್ಳಿಗೆ ಗೊತ್ತಾಗಕಿಲ್ಲ. ಮೈ ಮುಟ್ಟಿದ್ರೇನೇ ಅವ್ಳಿಗೆ ಯಾರಾದ್ರೂ ಅವ್ರೆ ಅಂತ ತಿಳಿಯೋದು. ಗದ್ದ ಮುಟ್ಟಿದ್ರೆ ಊಟ ಅಂತ. ಭುಜ ತಟ್ಟಿದ್ರೆ ಎದ್ದೇಳು ಅಂತ. ಅಂಗೈ ಹಿಡ್ಕಂಡು ಎಲ್ಡ್ ಸಲ ಒತ್ತಿದ್ರೆ ಇಲ್ಲೇ ಇವ್ನಿ, ಹೆದ್ರಬ್ಯಾಡ ಅಂತ. ಅಷ್ಟು ಮಾಡ್ಬುಡಿ ಅಕ್ಕ. ಇಲ್ದಿದ್ರೆ ಅವ್ಳು ಕತ್ಲೆ ಬಾವೀಲಿ ಬಿದ್ದಂಗೆ ಆಗ್ಬುಡ್ತಾಳೆ."

ಬಾವಿ ಎಂದ ನಿನ್ನ ಮಾತು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. ಗೊತ್ತಿರಲಿಲ್ಲ ಎಂದು ಹೇಳುವ ದಾರಿಯೇ ನನಗಿಲ್ಲ. ನೀನು ಬಿಡಿಸಿ ಬಿಡಿಸಿ ಹೇಳಿದ್ದೆ.

ಮತ್ತೆ — ಇದನ್ನೂ ಬರೆಯಬೇಕು — ನಾನು ಒಂದು ಸಲ ಮಾಡಿದೆ. ಫೋನಿಟ್ಟು ಹೋಗಿ ಅವರ ಅಂಗೈ ಹಿಡಿದು ಎರಡು ಸಲ ಒತ್ತಿದೆ. ಎರಡು ಜೊತೆ ಗ್ಲೌಸಿನ ಒಳಗಿಂದ. ಅವರ ಮೈ ಇಡಿಯಾಗಿ ಸಡಿಲವಾಯಿತು. ಗಾಳಿಯಲ್ಲಿ ಆಡುತ್ತಿದ್ದ ಇನ್ನೊಂದು ಕೈ ಬಂದು ನನ್ನ ಕೈಯ ಮೇಲೆ ಕೂತಿತು. ಅವರೂ ಎರಡು ಸಲ ಒತ್ತಿದರು. ಆಮೇಲೆ ನನ್ನ ಗ್ಲೌಸನ್ನು ಸವರಿ ನೋಡಿ, "ಇದೇನವ್ವ, ಚರ್ಮ ಹಿಂಗೈತೆ" ಎಂದರು. ನಗು ಬಂತು ನನಗೆ. ಆಕ್ಸಿಜನ್ ಮಾಸ್ಕ್ ಹಾಕಿಸಿಕೊಂಡರು. ಉಸಿರು ನಿಧಾನವಾಯಿತು.

ಆದರೆ ಅವರು ಕೈ ಬಿಡಲಿಲ್ಲ. ಆ ಕಡೆ ಇನ್ನೊಬ್ಬರ ಸಿಲಿಂಡರು ಮುಗಿಯುತ್ತಿತ್ತು, ಯಾರೋ ಕೂಗುತ್ತಿದ್ದರು. ನಾನು ಕೈ ಎಳೆದುಕೊಂಡೆ. ಅವರು ಬಿಗಿ ಮಾಡಿದರು. ಒಂದೊಂದೇ ಬೆರಳನ್ನು ಎತ್ತಿ ಬಿಡಿಸಿಕೊಂಡು ಹೋದೆ. ಬಿಡಿಸಿಕೊಳ್ಳುವಾಗ ಅವರ ಮುಖ — ಆ ಮುಖವನ್ನು ಇಲ್ಲಿ ಬರೆಯಲಾರೆ.

ಆವತ್ತೇ ನಾನು ಮನಸ್ಸಿನಲ್ಲಿ ತೀರ್ಮಾನ ಮಾಡಿದೆ, ಇನ್ನು ಇವರಿಗೆ ಕೈ ಕೊಡಬಾರದು. ಕೊಟ್ಟರೆ ಬಿಡುವುದಿಲ್ಲ.

ಭಯದಿಂದ ಹಾಗೆ ಮಾಡಿದೆ ಎಂದು ಬಹಳ ದಿನ ನನಗೇ ಹೇಳಿಕೊಂಡೆ. ಮನೆಯಲ್ಲಿ ಹಾಲು ಕುಡಿಯುವ ಮಗು, ಭಯ ಇರುವುದಿಲ್ಲವೇ? ಇತ್ತು. ಆದರೆ ಎರಡು ಜೊತೆ ಗ್ಲೌಸು ಹಾಕಿ ದಿನಕ್ಕೆ ನೂರು ಸಲ ರೋಗಿಗಳ ಕೈಗೆ ಸೂಜಿ ಚುಚ್ಚುತ್ತಿದ್ದವಳು ನಾನು. ಸೂಜಿ ಚುಚ್ಚಲು ಇಲ್ಲದ ಭಯ ಸುಮ್ಮನೆ ಹಿಡಿದುಕೊಳ್ಳಲು ಎಲ್ಲಿಂದ ಬರುತ್ತದೆ? ಅದು ಭಯವಲ್ಲ. ಕೈ ಹಿಡಿಯುವುದು ಕೆಲಸವೆಂದು ನನಗೆ ಅನ್ನಿಸಿರಲಿಲ್ಲ, ಅಷ್ಟೇ. ಇಂಜೆಕ್ಷನ್ ಕೊಟ್ಟರೆ ಕೇಸ್ ಶೀಟಿನಲ್ಲಿ ಬರೆಯಬಹುದು. ಕೈ ಹಿಡಿದುಕೊಂಡು ಕೂತರೆ ಏನೆಂದು ಬರೆಯುವುದು?

ಆ ಸಂಜೆ ನೀನು ಮತ್ತೆ ಫೋನು ಮಾಡಿದೆ. "ಕೈ ಹಿಡ್ಕಂಡ್ರಾ ಅಕ್ಕ?" ಹೂಂ ಎಂದೆ. ಆವತ್ತಿಗೆ ಅದು ನಿಜವೇ. ಮಾರನೆಯ ಸಂಜೆ ನೀನು ಕೇಳಿದೆ, ಆಗಲೂ ನಾನು ಹೂಂ ಎಂದೆ. ಅದರ ಮಾರನೆಯ ಸಂಜೆಯೂ.

ಆದರೆ ಆ ಎರಡು ದಿನ ನಿನ್ನ ಅವ್ವ ಮಾಸ್ಕ್ ಕೀಳಲಿಲ್ಲ, ಕೂಗಲಿಲ್ಲ, ಗಂಜಿ ಕುಡಿದರು. ಔಷಧಿ ಹಿಡಿಯಿತು ಎಂದುಕೊಂಡೆ. ಕಾರಣ ಪಕ್ಕದ ಮಂಚದಲ್ಲಿತ್ತು.

ಪಕ್ಕದ ಮಂಚದಲ್ಲಿದ್ದವರು ಶಿರಾದ ಜೈಬೂನ್ ಬೀ. ಊದುಬತ್ತಿ ಹೊಸೆಯುವ ಹೆಂಗಸು, ಐವತ್ತೈದರ ಆಸುಪಾಸು. ನಮಗೆ ಯಾರಿಗೂ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಅನ್ನ ಬೆಂದಿಲ್ಲ ಎನ್ನುವರು, ಫ್ಯಾನು ನಿಧಾನ ಎನ್ನುವರು, ಎಲೆಅಡಿಕೆ ತಂದುಕೊಡಿ ಎಂದು ಜಗಳ ತೆಗೆಯುವರು. ಮನೆಯವರ ಜೊತೆ ಫೋನಿನಲ್ಲಿ ಮಾತಾಡಿದರೆ ಇಡೀ ವಾರ್ಡಿಗೆ ಅವರ ಬೀದಿಯ ವರ್ತಮಾನವೆಲ್ಲ ಗೊತ್ತಾಗುತ್ತಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ನಾನು ಒಳಗೆ ಬಂದಾಗ ಜೈಬೂನ್ ಬೀ ತಮ್ಮ ಆಕ್ಸಿಜನ್ ಮಾಸ್ಕನ್ನು ಹಣೆಯ ಮೇಲೆ ಏರಿಸಿಕೊಂಡು ನಿನ್ನ ಅವ್ವನ ಮಂಚದ ಅಂಚಿನಲ್ಲಿ ಕೂತಿದ್ದರು. ಒಂದು ಕೈ ನಿನ್ನ ಅವ್ವನ ಅಂಗೈಯಲ್ಲಿ. ಇನ್ನೊಂದು ಕೈಯಲ್ಲಿ ಗಂಜಿಯ ಲೋಟ. ಗದ್ದ ಮುಟ್ಟಿ ಬಾಯಿ ತೆರೆಸುತ್ತಿದ್ದರು. ಅದನ್ನು ಅವರಿಗೆ ಯಾರು ಹೇಳಿಕೊಟ್ಟರು? ಯಾರೂ ಇಲ್ಲ. ನಿನ್ನ ಅವ್ವನ ಮುಖ ನೋಡಿ ನೋಡಿ ಅವರೇ ಕಂಡುಕೊಂಡಿದ್ದರು.

ನಾನು ಕೂಗಾಡಿದೆ. "ಏನ್ರೀ ಇದು? ಮಾಸ್ಕ್ ತೆಗೆದು ಕೂತಿದ್ದೀರಲ್ಲ, ಸಾಯ್ಬೇಕು ಅಂತಿದೀರಾ? ನಡೀರಿ ನಿಮ್ಮ ಬೆಡ್‌ಗೆ."

"ಯಾಕೆ ಬಯ್ತೀರಾ ಸಿಸ್ಟರ್?" ಎಂದರು ಅವರು, ಏದುಸಿರು ಬಿಡುತ್ತಾ. "ಆ ಅಮ್ಮ ಹುಡುಕ್ತಾ ಅವ್ರೆ. ಸುಮ್ನೆ ಗಾಳೀಲಿ ಕೈ ಆಡ್ಸ್ತಾ ಅವ್ರೆ. ಪಕ್ದಲ್ಲೇ ಮಲ್ಕೊಂಡು ಅದ್ನ ಹೆಂಗೆ ನೋಡೋದು? ನೀವ್ ಕೊಡಿ ಕೈಯ, ನಾನ್ ಹೋಗ್ತೀನಿ."

ನೀವು ಕೊಡಿ ಎಂದರು. ಎಲ್ಲರ ಮುಂದೆ. ನನಗೆ ಕೆನ್ನೆಗೆ ಹೊಡೆದಂತಾಯಿತು.

ರೌಂಡ್ಸಿಗೆ ಡಾಕ್ಟರು ಬಂದಾಗ ದೂರು ಹೇಳಿದೆ. ಈ ಪೇಷಂಟು ಮಾಸ್ಕ್ ತೆಗೆದು ಓಡಾಡುತ್ತಾರೆ, ಬೇರೆಯವರನ್ನು ಮುಟ್ಟುತ್ತಾರೆ, ನಮ್ಮ ಮಾತು ಕೇಳುವುದಿಲ್ಲ. ಡಾಕ್ಟರು ಜೈಬೂನ್ ಬೀಯ ಆಕ್ಸಿಜನ್ ಮಟ್ಟ ನೋಡಿದರು, ನಿಜವಾಗಿಯೂ ಇಳಿದಿತ್ತು. ಮೇಲಿನ ಮಹಡಿಗೆ ಕಳಿಸಿ ಎಂದರು. ನಿಯಮದ ಪ್ರಕಾರ ಅದರಲ್ಲಿ ತಪ್ಪಿರಲಿಲ್ಲ, ಸುಜಾತಾ. ಅದಕ್ಕೇ ಇಷ್ಟು ವರ್ಷ ಆ ನಿಯಮದ ಹಿಂದೆ ಆರಾಮಾಗಿ ಕೂರಲು ಆಯಿತು. ಅವರ ಆಕ್ಸಿಜನ್ ಇಳಿದದ್ದು ನನ್ನ ಚಿಂತೆಯಾಗಿರಲಿಲ್ಲ. ನಾನು ಮಾಡಬೇಕಾದ್ದನ್ನು ಅವರು ಮಾಡುತ್ತಿದ್ದರು, ಅದು ನನ್ನ ಕಣ್ಣೆದುರು ನಡೆಯಬಾರದಿತ್ತು.

ಅವರನ್ನು ಕರೆದುಕೊಂಡು ಹೋಗುವಾಗ ನಿನ್ನ ಅವ್ವನ ಕೈಯನ್ನು ಹಾಸಿಗೆಯ ಮೇಲೆ ಮೆತ್ತಗೆ ಇಟ್ಟು ಹೋದರು. ಆ ಕೈ ಸ್ವಲ್ಪ ಹೊತ್ತು ಇಟ್ಟಲ್ಲೇ ಇತ್ತು, ಕಾಯುವ ಹಾಗೆ.

ಮಧ್ಯಾಹ್ನದ ಹೊತ್ತಿಗೆ ಶುರುವಾಯಿತು. ಎಡಗಡೆಯ ಖಾಲಿ ಮಂಚದ ಕಡೆಗೆ ಕೈ ಚಾಚಿ ಚಾಚಿ ತಡಕಿದರು. "ಎಲ್ಲಿಗ್ ಹೋದ್ಯವ್ವ?" ಎಂದು ಕರೆದರು. ಅರ್ಧ ಮೈ ಮಂಚದಿಂದ ಹೊರಗೆ ಬಂತು. ಮಾಸ್ಕ್ ಕಿತ್ತರು, ಹಾಕಿದೆ. ಮತ್ತೆ ಕಿತ್ತರು, ಹಾಕಿದೆ. ಮೂರನೆಯ ಸಲ ಕಿತ್ತಾಗ ನನಗೆ ಸಿಟ್ಟು ಬಂತು. ಸಿಟ್ಟೇ. ಬೇರೆ ಹೆಸರು ಕೊಡುವುದಿಲ್ಲ. ಬ್ಯಾಂಡೇಜು ಬಟ್ಟೆ ತಂದು ಮೊದಲು ಬಲಗೈ ಕಟ್ಟಿದೆ. ಎಡಗೈ ಹಿಡಿದಾಗ ಅವರು ಸುಮ್ಮನಾದರು. ಯಾರೋ ಕೈ ಹಿಡಿದರು ಎಂದುಕೊಂಡರು. ನನ್ನ ಬೆರಳುಗಳನ್ನು ಎರಡು ಸಲ ಒತ್ತಿದರು.

ಒತ್ತಿದ ಆ ಕೈಯನ್ನೇ ಕಟ್ಟಿದೆ.

ಕೇಸ್ ಶೀಟಿನಲ್ಲಿ ಬರೆದೆ: ಚಡಪಡಿಕೆ, ಮಾಸ್ಕ್ ಕೀಳುತ್ತಾರೆ, ಕೈ ಕಟ್ಟಲಾಗಿದೆ. ಅವರಿಗೆ ಕಣ್ಣು ಕಿವಿ ಇಲ್ಲವೆಂದು ಬರೆಯಲಿಲ್ಲ. ಮುಟ್ಟಿದರೆ ಸಮಾಧಾನವಾಗುತ್ತಾರೆ ಎಂದು ಬರೆಯಲಿಲ್ಲ. ಒಂದು ಸಾಲು ಬರೆದಿದ್ದರೆ ನನ್ನ ನಂತರದ ಪಾಳಿಯವರು ಓದುತ್ತಿದ್ದರು, ಯಾರಾದರೂ ಒಬ್ಬರು ಹತ್ತು ನಿಮಿಷ ಕೂರುತ್ತಿದ್ದರೋ ಏನೋ... ಅವರು ಓದಿದ್ದು ನಾನು ಬರೆದದ್ದನ್ನೇ. ಕಟ್ಟನ್ನು ಹಾಗೆಯೇ ಬಿಟ್ಟರು.

ಮಾರನೆಯ ದಿನ ಹನ್ನೊಂದು ಗಂಟೆ ಸುಮಾರಿಗೆ ನಾನು ವಾರ್ಡಿನ ಆ ತುದಿಯಲ್ಲಿ ಇಂಜೆಕ್ಷನ್ ಕೊಡುತ್ತಿದ್ದೆ. ಈ ತುದಿಗೆ ಬಂದಾಗ ನಿನ್ನ ಅವ್ವ ಹೋಗಿಬಿಟ್ಟಿದ್ದರು. ಯಾವಾಗ ಹೋದರೋ ಗೊತ್ತಿಲ್ಲ, ಐದು ನಿಮಿಷವೋ ಅರ್ಧ ಗಂಟೆಯೋ. ತಲೆ ಎಡಗಡೆಗೆ ಹೊರಳಿತ್ತು. ಎಡಗೈಯ ಬೆರಳುಗಳು ಬಿಚ್ಚಿಕೊಂಡಿದ್ದವು. ಕಟ್ಟು ಬಿಚ್ಚಿದೆ. ಮಣಿಕಟ್ಟಿನಲ್ಲಿ ಕೆಂಪು ಗೆರೆ ಎದ್ದಿತ್ತು. ಯಾರೂ ನೋಡುವುದಿಲ್ಲವೆಂದು ಗೊತ್ತಿದ್ದರೂ — ಆಗ ಹೆಣದ ಮುಖವನ್ನೇ ಸರಿಯಾಗಿ ತೋರಿಸುತ್ತಿರಲಿಲ್ಲ — ಕೈಗಳನ್ನು ಸೀರೆಯ ಸೆರಗಿನೊಳಗೆ ಸೇರಿಸಿ ಮುಚ್ಚಿದೆ. ಆಮೇಲೆ ಗೇಟಿಗೆ ಬಂದು ನಿನಗೆ ಆ ಮಾತು ಹೇಳಿದೆ.

ನಿನ್ನನ್ನು ಸಮಾಧಾನ ಮಾಡಲು ಹೇಳಿದ ಸುಳ್ಳು ಅದು, ಅದರಲ್ಲಿ ಏನು ತಪ್ಪು ಎಂದು ನನ್ನ ಗಂಡ ಈಗಲೂ ಹೇಳುತ್ತಾನೆ. ನಿನ್ನ ಸಮಾಧಾನಕ್ಕೆ ಬೇರೆ ನಿಜ ಇತ್ತಲ್ಲ, ಸುಜಾತಾ. ಪಕ್ಕದ ಮಂಚದ ಹೆಂಗಸು ಎರಡು ದಿನ ನಿನ್ನ ಅವ್ವನ ಕೈ ಹಿಡಿದಿದ್ದರು ಎಂದು ಹೇಳಬಹುದಿತ್ತು. ಹೇಳಿದ್ದರೆ ನೀನು ಅವರನ್ನು ನೋಡಬೇಕೆನ್ನುತ್ತಿದ್ದೆ. ನೋಡಿದರೆ ಮೇಲಕ್ಕೆ ಕಳಿಸಿದ್ದು ಗೊತ್ತಾಗುತ್ತಿತ್ತು, ಆಮೇಲೆ ಕಟ್ಟಿದ್ದು ಗೊತ್ತಾಗುತ್ತಿತ್ತು. ಆದ್ದರಿಂದ ಅವರ ಕೈಯನ್ನು ಅಳಿಸಿ ಅಲ್ಲಿ ನನ್ನ ಕೈ ಇಟ್ಟೆ.

ಜೈಬೂನ್ ಬೀ ಗುಣವಾಗಿ ಮನೆಗೆ ಹೊರಟ ದಿನ ಮೆಟ್ಟಿಲ ಹತ್ತಿರ ನಿಂತು ಕೇಳಿದರು, "ಆ ಕಣ್ ಕಾಣದ ಅಮ್ಮ ಎಲ್ಲಿ ಸಿಸ್ಟರ್?" ತುಮಕೂರಿಗೆ ಕಳಿಸಿದೆವು, ಚೆನ್ನಾಗಿದ್ದಾರೆ ಎಂದೆ. ಒಂದೇ ವಾರದಲ್ಲಿ ಒಬ್ಬಳೇ ಹೆಂಗಸಿನ ಬಗ್ಗೆ ಎರಡು ಸುಳ್ಳು. ಎರಡಕ್ಕೂ ನನಗೆ ಧನ್ಯವಾದ ಸಿಕ್ಕಿತು.

ಆಮೇಲೆ ನಡೆದದ್ದು ನಿನಗೇ ಗೊತ್ತು. ಪ್ರತಿ ವರ್ಷ ಅವ್ವನ ತಿಥಿಯ ದಿನ ನನಗೆ ಫೋನು ಮಾಡುತ್ತಿದ್ದೆ. ಒಬ್ಬಟ್ಟು ಮಾಡಿಕೊಂಡು ನಾನೀಗ ಕೆಲಸ ಮಾಡುವ ಕೊರಟಗೆರೆಯ ಕ್ಲಿನಿಕ್ಕಿನವರೆಗೆ ಬರುತ್ತಿದ್ದೆ. ನೀನು ಗಾರ್ಮೆಂಟ್ಸಿನ ಕೆಲಸ ಬಿಟ್ಟು, ಹಾಸಿಗೆ ಹಿಡಿದ ವಯಸ್ಸಾದವರನ್ನು ನೋಡಿಕೊಳ್ಳುವ ತರಬೇತಿಗೆ ಸೇರಿದೆ ಎಂದಾಗ ಏನೋ ಒಳ್ಳೆಯದಾಯಿತು ಎಂದುಕೊಂಡೆ. "ನಿಮ್ಮನ್ನ ನೋಡಿನೇ ಸೇರ್ದೆ ಅಕ್ಕ" ಎಂದೆ. ನಾನು ನಕ್ಕು ವಿಷಯ ಬದಲಿಸಿದೆ.

ಹೋದ ತಿಂಗಳು ಮಧುಗಿರಿಯಲ್ಲಿ ನಿಮ್ಮ ತರಬೇತಿ ಕೇಂದ್ರದ ಸಮಾರಂಭ. ಬರಲೇಬೇಕು ಎಂದೆ ನೀನು. ಬಂದೆ. ನೀನು ನನ್ನನ್ನು ವೇದಿಕೆಗೆ ಕರೆದೆ. ಮೈಕಿನ ಮುಂದೆ ನಿಂತು ನಿನ್ನ ಅವ್ವನ ಕಥೆ ಹೇಳಿದೆ. ಮುಟ್ಟುವುದಕ್ಕೇ ಎಲ್ಲರೂ ಹೆದರುತ್ತಿದ್ದ ಕಾಲದಲ್ಲಿ ಕಣ್ಣು ಕಿವಿ ಇಲ್ಲದ ಮುದುಕಿಯ ಕೈ ಹಿಡಿದು ಕೊನೆಯವರೆಗೂ ಕೂತ ಸಿಸ್ಟರ್ ಇವರೇ ಎಂದೆ. ಹುಡುಗಿಯರೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದರು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು.

ಅಷ್ಟಕ್ಕೇ ಮುಗಿದಿದ್ದರೆ ನಾನು ಇನ್ನೂ ಹತ್ತು ವರ್ಷ ಸುಮ್ಮನಿರುತ್ತಿದ್ದೆನೇನೋ. ಪಾವಗಡದ ಕಡೆಯ ಒಬ್ಬಳು ಹುಡುಗಿ ಎದ್ದು ನಿಂತು ಕೇಳಿದಳು, "ಮೇಡಂ, ಜೀವ ಹೋಗೋವಾಗ ಅವ್ರ ಕೈ ಹೆಂಗಿತ್ತು? ನಮಗೆ ಅದೇ ಭಯ. ನಾವು ಹಿಡ್ಕೊಂಡಿರೋವಾಗ್ಲೇ ತಣ್ಣಗಾಗ್ಬಿಟ್ರೆ ಏನ್ಮಾಡೋದು?"

ನಿಜವಾದ ಭಯದಿಂದ ಕೇಳಿದ ಪ್ರಶ್ನೆ. ನಾಳೆ ಯಾರದೋ ಮನೆಯಲ್ಲಿ, ಯಾರದೋ ಮಂಚದ ಪಕ್ಕ ಕೂರಬೇಕಾದವಳು ಕೇಳಿದ ಪ್ರಶ್ನೆ. ನನಗೆ ಉತ್ತರ ಗೊತ್ತಿರಲಿಲ್ಲ. ಆದರೂ ಹೇಳಿದೆ. ಬಿಸಿ ನಿಧಾನವಾಗಿ ಇಳಿಯುತ್ತದೆ, ಹೆದರಬಾರದು, ಅವರ ಮುಖದಲ್ಲಿ ಒಂದು ಶಾಂತಿ ಕಾಣುತ್ತದೆ ಎಂದೆಲ್ಲ. ಅವಳು ಪುಸ್ತಕದಲ್ಲಿ ಬರೆದುಕೊಂಡಳು. ಮುಂದಿನ ಸಾಲಿನಲ್ಲಿ ಕೂತಿದ್ದ ನೀನು ಅಳುತ್ತಿದ್ದೆ.

ನಾನು ಶಾಲು ಮಡಿಸಿಕೊಂಡು ಬಸ್ ಹತ್ತಿದೆ. ಕೊರಟಗೆರೆಯಲ್ಲಿ ಇಳಿಯಬೇಕಾದವಳು ಇಳಿಯದೆ ಕೂತೇ ಇದ್ದೆ. ಕಂಡಕ್ಟರು ಎಬ್ಬಿಸಿದ ಮೇಲೆ ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದು ಬಂದೆ.

ಅದಾದ ಮುಂದಿನ ಭಾನುವಾರ ಶಿರಾಗೆ ಹೋದೆ. ಫೋನಿನಲ್ಲಿ ಅಷ್ಟು ಜೋರಾಗಿ ಮಾತಾಡುತ್ತಿದ್ದವರ ಬೀದಿ ಮರೆಯಲು ಸಾಧ್ಯವೇ? ಅಕ್ಕಿ ಗಿರಣಿಯ ಹಿಂದಿನ ಸಂದಿ. ಎರಡು ಕಡೆ ಕೇಳಿದ ಮೇಲೆ ಮನೆ ಸಿಕ್ಕಿತು. ಬಾಗಿಲ ಹತ್ತಿರ ಸೊಸೆ ಊದುಬತ್ತಿ ಹೊಸೆಯುತ್ತಿದ್ದಳು. ಒಳಗೆ ಜೈಬೂನ್ ಬೀ ಗೋಡೆಗೆ ಒರಗಿ ಕೂತಿದ್ದರು. ಬಹಳ ಇಳಿದುಹೋಗಿದ್ದಾರೆ. ಎರಡು ಮಾತಿಗೊಮ್ಮೆ ನಿಲ್ಲಿಸಿ ಉಸಿರು ತೆಗೆದುಕೊಳ್ಳುತ್ತಾರೆ. ಆ ಕಾಯಿಲೆ ಬಿಟ್ಟುಹೋದ ಎದೆ ಅದು.

ಮಾಸ್ಕಿಲ್ಲದ ನನ್ನ ಮುಖ ಅವರಿಗೆ ಗುರುತಾಗಲಿಲ್ಲ. ದನಿ ಕೇಳಿದ ಮೇಲೆ ಗುರುತಾಯಿತು. "ಅರೆ, ಬಯ್ಯೋ ಸಿಸ್ಟರ್!" ಎಂದು ನಕ್ಕರು. ನಗು ಮುಗಿಯುವ ಮೊದಲೇ ಕೇಳಿದರು — "ಆ ಅಮ್ಮ ಹೆಂಗವ್ರೆ?"

ನಾಲ್ಕು ವರ್ಷ ಅವರು ನಿನ್ನ ಅವ್ವ ಬದುಕಿದ್ದಾರೆ ಎಂದುಕೊಂಡಿದ್ದರು.

ಹೇಳಿದೆ. ನೀವು ಮೇಲಕ್ಕೆ ಹೋದ ಮಾರನೆಯ ದಿನವೇ ಹೋದರು ಎಂದೆ. ಜೈಬೂನ್ ಬೀ ತಮ್ಮ ಅಂಗೈಯನ್ನು ನೋಡಿಕೊಂಡರು. ಆಮೇಲೆ, "ನಾನ್ ಹೋದ್ಮೇಲೆ ಅವ್ರಿಗೆ ಯಾರು ಕೈ ಕೊಟ್ರು?" ಎಂದರು.

"ಯಾರೂ ಕೊಡ್ಲಿಲ್ಲ. ನಾನು ಅವ್ರ ಕೈ ಕಟ್ಟಿಹಾಕ್ದೆ."

ಇದನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಸೊಸೆಯ ಕೈ ನಿಂತಿತು. ಜೈಬೂನ್ ಬೀ ನನ್ನನ್ನು ಬಯ್ಯಬಹುದೆಂದು ಕಾದೆ. ಬಯ್ಯಲಿ ಎಂದೇ ಹೋಗಿದ್ದೆನೋ ಏನೋ. ಅವರು ಬಯ್ಯಲಿಲ್ಲ. ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು. ಬೆನ್ನು ಏರಿ ಇಳಿಯುವುದಷ್ಟೇ ಕಾಣುತ್ತಿತ್ತು. ಸೊಸೆ ಒಲೆಯ ಮೇಲೆ ನನಗಾಗಿ ಇಟ್ಟಿದ್ದ ಚಹಾವನ್ನು ಇಳಿಸಿದಳು, ಬಗ್ಗಿಸಿ ಕೊಡಲಿಲ್ಲ.

ಎದ್ದು ಬರೋಣವೆಂದುಕೊಳ್ಳುವಷ್ಟರಲ್ಲಿ ಅವರು ಮಾತಾಡಿದರು. ನನ್ನ ಕಡೆ ನೋಡದೆ, ಗೋಡೆಗೇ ಹೇಳುವಂತೆ.

"ಮೊದಲ್ನೇ ದಿನ ಕೈ ಕೊಟ್ಟೆ. ಬೆರಳೆಲ್ಲ ಮುಟ್ಟಿ ಮುಟ್ಟಿ ನೋಡಿದ್ರು. ನೀನ್ ನಮ್ ಸುಜ್ಜಿ ಅಲ್ಲ ಅಂದ್ರು. ಅಂಗೈ ಸವರಿದ್ರು. ಗೇಯ್ದಿರೋ ಕೈ ಕಣಮ್ಮ ಇದು, ನೀನೂ ಕೂಲಿಯೋಳೇ ಅಂದ್ರು. ಯಾರಾದ್ರೂ ಆಗಿರವ್ವ, ಬುಡಬ್ಯಾಡ ಅಂದ್ರು. ಆಮೇಲೆ ಎರಡ್ ದಿನ ಮಾತಾಡಿದ್ದೇ ಮಾತಾಡಿದ್ದು. ಅವ್ರಿಗೆ ನನ್ ಹೆಸ್ರೂ ಗೊತ್ತಿಲ್ಲ. ನಾನೇನ್ ಹೇಳಿದ್ರೂ ಕೇಳ್ಸಲ್ಲ. ಕೈ ಒತ್ತಿದ್ರೆ ಸಾಕು, ಮುಂದಕ್ಕೆ ಹೇಳೋರು. ಮಗಳ ವಿಷಯ ಎಲ್ಲಾ ಹೇಳಿದ್ರು. ಮಗಳಿಗೆ ಹೇಳು ಅಂತ ಒಂದ್ ಮಾತು ಹೇಳಿದ್ರು."

ಏನು ಎಂದು ಕೇಳಿದೆ. ಅಭ್ಯಾಸ ನೋಡು — ಅದನ್ನೂ ನಾನೇ ತಂದು ನಿನ್ನ ಕೈಗಿಡಬೇಕೆಂದು.

ಆಗ ತಿರುಗಿ ನೋಡಿದರು. "ಅದು ಮಗಳಿಗೆ. ನಿಮಗಲ್ಲ."

ಹೊರಡುವಾಗ ತಪ್ಪಾಯಿತು ಎಂದೆ. "ನನಗೆ ಹೇಳಿ ಏನ್ ಬಂತು?" ಎಂದರು. "ನನ್ನ ಕೈ ಯಾರೂ ಕಟ್ಲಿಲ್ಲ. ಹೋಗಿ. ಆ ಹುಡುಗೀಗೆ ಹೇಳಿ."

ಬೀದಿಯ ಕೊನೆಯವರೆಗೂ ನಡೆದು ಬಂದ ಮೇಲೆ ನನ್ನ ಎರಡೂ ಕೈಗಳನ್ನು ಎದೆಗೆ ಅವುಚಿಕೊಂಡಿದ್ದೇನೆ ಎಂದು ಗೊತ್ತಾಯಿತು.

ಅಂದಿನಿಂದ ಇದನ್ನು ಬರೆಯಲು ಹನ್ನೆರಡು ದಿನ ಬೇಕಾಯಿತು. ಎದುರಿಗೆ ಬಂದು ಹೇಳಬೇಕಿತ್ತು. ಎದುರಿಗೆ ಬಂದರೆ ನೀನು ಅಕ್ಕ ಎಂದು ಕರೆದು ಒಳಗೆ ಕೂರಿಸುತ್ತೀಯೆ, ನೀರು ಕೊಡುತ್ತೀಯೆ, ನಾನು ಮತ್ತೆ ಬೇರೆ ಏನನ್ನೋ ಮಾತಾಡಿ ಎದ್ದು ಬರುತ್ತೇನೆ. ನನ್ನನ್ನು ನಾನು ಬಲ್ಲೆ. ಆದ್ದರಿಂದ ಮೊದಲು ಈ ಪತ್ರ. ಇದನ್ನು ಓದಿದ ಮೇಲೆ ಬಾ ಎಂದರೆ ಬರುತ್ತೇನೆ. ಬರಬೇಡ ಎಂದರೆ ಅದೂ ಸರಿ.

ನಿಮ್ಮ ತರಬೇತಿ ಕೇಂದ್ರದ ಮೇಡಂಗೆ ಫೋನು ಮಾಡಿ, ಆ ಹುಡುಗಿಯರ ಜೊತೆ ಒಂದು ಗಂಟೆ ಮಾತಾಡಬೇಕೆಂದು ಕೇಳಿದ್ದೇನೆ. ಇನ್ನೊಂದು ಸನ್ಮಾನದ ಭಾಷಣವೆಂದುಕೊಂಡು ಖುಷಿಯಿಂದ ಒಪ್ಪಿದ್ದಾರೆ. ಅದೇ ವೇದಿಕೆಯ ಮೇಲೆ ನಿಂತು ನಾನು ಕಟ್ಟಿದ್ದನ್ನು ಹೇಳುತ್ತೇನೆ. ಆ ಪಾವಗಡದ ಹುಡುಗಿಗೆ, ನಾನು ಹೇಳಿದ್ದನ್ನು ಹೊಡೆದುಹಾಕು, ಕೊನೆಯ ಗಳಿಗೆಯಲ್ಲಿ ಹಿಡಿದ ಕೈ ಹೇಗಿರುತ್ತದೆ ಎಂದು ನನಗೆ ಗೊತ್ತಿಲ್ಲ ಎನ್ನುತ್ತೇನೆ. ಚಡಪಡಿಕೆ ಎಂದು ಬರೆಯುವ ಮೊದಲು ಆ ಕೈಯನ್ನು ಒಂದು ಸಲ ಹಿಡಿದು ನೋಡಿ ಎನ್ನುತ್ತೇನೆ. ಅಷ್ಟು ಹೇಳಲು ಬೇಕಾದ ತಿಳಿವು ನನಗಿದೆ. ಅದು ನಿನ್ನ ಅವ್ವನಿಂದ ಬಂದದ್ದು, ತಡವಾಗಿ.

ಕ್ಷಮಿಸು ಎಂದು ಬರೆಯಲು ಪೆನ್ನು ಎತ್ತಿದೆ. ಬರೆಯುವುದಿಲ್ಲ. ನಿನ್ನಿಂದ ಈಗಾಗಲೇ ಬಹಳ ತೆಗೆದುಕೊಂಡಿದ್ದೇನೆ.

ಈ ಪತ್ರದ ಹಿಂಬದಿಯಲ್ಲಿ ಜೈಬೂನ್ ಬೀಯವರ ಮನೆಗೆ ದಾರಿ ಬರೆದಿದ್ದೇನೆ, ಸೊಸೆಯ ಫೋನ್ ನಂಬರನ್ನೂ ಬರೆದಿದ್ದೇನೆ. ನಿನ್ನ ಅವ್ವನ ಎರಡು ದಿನಗಳು ಅವರ ಹತ್ತಿರ ಇವೆ. ನೀನು ಬರುತ್ತೀಯೆಂದು ಅವರಿಗೆ ತಿಳಿಸಿದ್ದೇನೆ. ನನ್ನ ಮೇಲಿನ ಸಿಟ್ಟು ಎಲ್ಲಿಗೂ ಹೋಗುವುದಿಲ್ಲ, ಅದನ್ನು ಆಮೇಲೆ ನೋಡಿಕೊಳ್ಳಬಹುದು. ಮೊದಲು ಶಿರಾಗೆ ಹೋಗು. ಅವರ ಉಸಿರು ದಿನದಿನಕ್ಕೂ ಕಡಿಮೆಯಾಗುತ್ತಿದೆ. ನಾಳೆಯೇ ಹೋಗು.